ಏಳು ಗೀರು, ನಾಲ್ಕು ಬೊಟ್ಟು

ಇಪ್ಪತ್ತೆರಡು ವರ್ಷದ ಹಿಂದೆ, ತೇರದಾಳದಲ್ಲಿ, ನನ್ನ ಗೆಳತಿ ಶಿವವ್ವನಿಗೆ ನಾನೊಂದು ಮಾತು ಕೊಟ್ಟಿದ್ದೆ. ಆಗ ನಮಗಿಬ್ಬರಿಗೂ ಹದಿಮೂರು ವರ್ಷ. ಬಾವಿಯ ಹತ್ತಿರ ಬಟ್ಟೆ ಒಗೆಯುವಾಗ ನನ್ನ ಲಂಗದ ಮೇಲೆ ರಕ್ತ ಕಂಡಿತು. ಎಲ್ಲಿ ಗಾಯವಾಯಿತೋ, ಒಳಗೆ ಏನು ಹರಿಯಿತೋ ಎಂದು ಇನ್ನೇನು ಸತ್ತೇ ಹೋಗುವವಳ ಹಾಗೆ ಅತ್ತೆ. ಶಿವವ್ವ ಅತ್ತ ಇತ್ತ ನೋಡಿ ಮೆಲ್ಲಗೆ ಹೇಳಿದಳು:

"ಅಳಬ್ಯಾಡ ವಿಜಿ. ನನಗೂ ಹೋದ ತಿಂಗಳ ಹಿಂಗ ಆಗೇತಿ. ಸತ್ತಿಲ್ಲ ನೋಡು, ಅದೇನಿ."

ಅವಳು ಒಂದು ತಿಂಗಳು ಯಾರಿಗೂ ಹೇಳದೆ ಒಬ್ಬಳೇ ಹೆದರಿಕೊಂಡು ತಿರುಗಿದ್ದಳಂತೆ. ಅಂದು ಕೈ ಮೇಲೆ ಕೈ ಇಟ್ಟು ಮಾತಾಡಿಕೊಂಡೆವು.

"ನಮಗ ಹೆಣ್ಣ ಹುಟ್ಟಿದ್ರ, ಇದು ಆಗೂಕಿಂತ ಮೊದಲ ಎಲ್ಲಾ ಹೇಳೂಣು. ನಮ್ಮಂಗ ಅವರ್ನ ಹೆದರಸೂದು ಬ್ಯಾಡ. ಆಣಿ?"

"ಆಣಿ."

ಆಮೇಲೆ ಶಿವವ್ವ ಓದಿ ನರ್ಸ್ ಆದಳು, ತೇರದಾಳದಲ್ಲೇ ಉಳಿದಳು. ನಾನು ಮದುವೆಯಾಗಿ ಬನಹಟ್ಟಿಯ ನೇಕಾರರ ಮನೆಗೆ ಬಂದೆ. ಮನೆಯಲ್ಲಿ ಎರಡು ಪಾವರ್‌ಲೂಮ್. ಅವುಗಳ ಮುಂದೆ ನನ್ನ ಗಂಡ ನಿಂಗಣ್ಣ. ಲಾಳಿಯೊಳಗೆ ಇಡುವ ಕಂಡಿಕಿಗೆ ನೂಲು ಸುತ್ತುವುದು ನನ್ನ ಕೆಲಸ. ಅತ್ತೆ ಅನಸವ್ವ ಇಡೀ ಮನೆಯ ಮೇಲೆ ಕಣ್ಣಿಟ್ಟವರು. ಮಗಳು ಒಬ್ಬಳೇ, ಅನುರಾಧಾ.

ಅವಳಿಗೆ ಹನ್ನೊಂದಾಯಿತು. ಹೇಳಬೇಕು ಅಂದುಕೊಂಡೆ. ಹನ್ನೆರಡಾಯಿತು. ಈ ದೀಪಾವಳಿ ಮುಗಿಯಲಿ ಅಂದುಕೊಂಡೆ. ಮಗ್ಗಕ್ಕೆ ಏರಿಸಿದ ನೂಲಿನ ಬೀಮು ಇಳಿಯಲಿ, ಪಾಳಿ ಮುಗಿಯಲಿ, ಅತ್ತೆ ಊರಿಗೆ ಹೋಗಲಿ. ಹೇಳುವುದಕ್ಕೆ ಹತ್ತು ನಿಮಿಷ ಸಾಕಿತ್ತು. ಆ ಹತ್ತು ನಿಮಿಷ ಎರಡು ವರ್ಷದಲ್ಲಿ ನನಗೆ ಸಿಗಲಿಲ್ಲವಂತೆ!

2010ರ ಜೂನ್‌ನಲ್ಲಿ, ಎಂಟನೇ ತರಗತಿಗೆ ಹೋಗಿ ಇನ್ನೂ ಎರಡು ವಾರ ಆಗಿರಲಿಲ್ಲ, ಅನುರಾಧಾ ಪಾಟೀಚೀಲದಿಂದ ಲಂಗದ ಹಿಂಭಾಗ ಮುಚ್ಚಿಕೊಂಡು ಅಳುತ್ತ ಬಂದಳು. "ಯವ್ವಾ, ನನಗೇನೋ ಆಗೇತಿ ಬೇ" ಅಂದಳು. ನಾನು ಬಟ್ಟೆ ಕೊಟ್ಟೆ. "ಏನೂ ಆಗಿಲ್ಲ. ಇನ್ನ ತಿಂಗಳಾ ತಿಂಗಳಾ ಬರತೈತಿ. ಮಗ್ಗ ಮುಟ್ಟಬ್ಯಾಡ" ಎಂದೆ. ಮತ್ತೆ ಕಂಡಿಕಿ ಸುತ್ತಲು ಕೂತೆ. ಓಣಿಯ ಐದು ಮುತ್ತೈದೆಯರು ಬಂದು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು, ಆರತಿ ಬೆಳಗಿದರು. ಎಲ್ಲರೂ ಹಾಡಿದರು. ಒಬ್ಬರೂ ಏನೂ ಹೇಳಲಿಲ್ಲ.

ಲೆಕ್ಕ ಇಡುವ ಕೆಲಸ ಅತ್ತೆಯವರದ್ದಾಯಿತು. ಮುಟ್ಟಾದವರು ಮಗ್ಗ ಮುಟ್ಟಬಾರದು, ಹೊಸ ಬೀಮಿಗೆ ಎಳೆ ಹಚ್ಚಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅದಕ್ಕೆ ಮನೆಯ ಹೆಣ್ಣುಮಕ್ಕಳ ದಿನಗಳು ಅತ್ತೆಗೆ ಗೊತ್ತಿರಲೇಬೇಕು. ಅವರು ಕ್ಯಾಲೆಂಡರ್ ನೋಡುವವರಲ್ಲ. ಮಗ್ಗಕ್ಕೆ ಒಂದು ಬೀಮು ನೂಲು ಏರಿಸಿದರೆ ಸುಮಾರು ನಾಲ್ಕು ವಾರ ನೇಯಬಹುದು. ಅವರ ಕಾಲದಲ್ಲಿ ಒಂದು ಬೀಮಿಗೆ ಒಂದು ಸಲ ಮುಟ್ಟು. ನಲವತ್ತು ವರ್ಷ ಅದು ತಪ್ಪಿಲ್ಲವಂತೆ. ಹಾಗಾಗಿ ಮಗ್ಗದ ಹಿಂದಿನ ಗೋಡೆಯ ಮೇಲೆ, ಹೊಸ ಬೀಮು ಏರಿದಾಗೊಮ್ಮೆ ಸುಣ್ಣದ ಗೀರು ಎಳೆದರು. ಅನುರಾಧಾ ಮುಟ್ಟಾದಾಗೊಮ್ಮೆ ಗೀರಿನ ಕೆಳಗೆ ಕುಂಕುಮದ ಬೊಟ್ಟು ಇಟ್ಟರು.

ಜೂನ್‌ನಲ್ಲಿ ಒಂದು ಬೊಟ್ಟು. ಜುಲೈ ಕೊನೆಗೆ ಇನ್ನೊಂದು. ಮುಂದಿನದು ಬಂದದ್ದು ಎರಡು ತಿಂಗಳಿಗೆ. ಅಕ್ಟೋಬರ್‌ನಲ್ಲಿ ದೀಪಾವಳಿಯ ಮುಂಚೆ ನಾಲ್ಕನೆಯದು. ಆಮೇಲೆ ಇಲ್ಲ. ನವೆಂಬರ್ ಹೋಯಿತು, ಡಿಸೆಂಬರ್ ಹೋಗುತ್ತ ಬಂತು. ಗೋಡೆಯ ಮೇಲೆ ಏಳು ಗೀರು, ನಾಲ್ಕು ಬೊಟ್ಟು.

"ಮೂರು ಬೀಮು ತಪ್ಪ್ಯಾವು" ಎಂದು ಅತ್ತೆ ಗೋಡೆಗೆ ಬೆರಳು ಮಾಡಿದರು.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಯಂಕವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ, ಕೈ ಯಾವಾಗಲೂ ಮೊಳಕೈತನಕ ಕೆಂಪು. ಕರೆಯದಿದ್ದರೂ ಬರುತ್ತಾಳೆ, ಕೇಳದಿದ್ದರೂ ಹೇಳುತ್ತಾಳೆ.

"ಅನಸಕ್ಕಾ, ಹುಡಗಿ ದಿನಾ ಸಾಲಿಗೆ ಹೊಕ್ಕೈತಿ. ತಿಂಗಳ ನಿಂತೈತಿ ಅಂತೀರಿ. ಸುಮ್ಮಸುಮ್ಮನ ನಿಲ್ಲತೈತೇನ? ನಾ ಏನೂ ಅನ್ನಂಗಿಲ್ಲ ಬಿಡ್ರಿ."

"ಮತ್ತೇನ ಅನ್ನೂದು ಉಳಿಸಿದಿ ಯಂಕವ್ವಾ?" ಎಂದೆ ನಾನು.

"ಅಯ್ಯ, ನಮ್ಮ ಹುಡಗಿ ಅಂತ ಹೇಳಿದ್ನವಾ. ಓಣ್ಯಾಗ ಮಂದಿ ಕೇಳಾಕತ್ತಾರ."

ಮಂದಿ ಕೇಳುತ್ತಿರಲಿಲ್ಲ. ಇವಳು ಹೇಳಿದ ಮೇಲೆ ಕೇಳತೊಡಗಿದರು.

ಅಂದೇ ಸಂಜೆ ಅತ್ತೆ ಮಗನಿಗೆ ಹೇಳಿದರು. ನಮ್ಮ ಮನೆಯವರು ಎರಡೂ ಕಿವಿಯ ಮೇಲೆ ಕೈ ಇಟ್ಟುಕೊಂಡರು. "ಹೆಂಗಸರ ಸುದ್ದಿ ನನ್ನ ಮುಂದ ತರಬ್ಯಾಡ್ರಿ" ಎಂದರು. ಹಾಗೆಂದವರು ಮರುಗಳಿಗೆಯಲ್ಲೇ, "ಇದೊಂದು ಬರೋಬ್ಬರಿ ಆಗೂತನಕ ಸಾಲಿ ಬ್ಯಾಡ. ಮನ್ಯಾಗ ಇರ್ಲಿ" ಎಂದು ತೀರ್ಮಾನ ಕೊಟ್ಟರು! ಸುದ್ದಿ ಬೇಡವಂತೆ, ತೀರ್ಪು ಮಾತ್ರ ಅವರದಂತೆ. ನಾನು ಸಿಟ್ಟಿನಿಂದ ಕಂಡಿಕಿಯ ಬುಟ್ಟಿ ಎತ್ತಿ ಕುಕ್ಕಿದೆ. ಬಾಯಿ ಮಾತ್ರ ಬಿಡಲಿಲ್ಲ. ಯಾಕೆಂದರೆ ನನಗೂ ಒಳಗೊಳಗೆ ಹೆದರಿಕೆ ಇತ್ತು, ಗೊತ್ತಂತೂ ಏನೂ ಇರಲಿಲ್ಲ.

ಅನುರಾಧಾಳ ಸಹಾಮಾಹಿ, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಆ ವಾರ ಕೊಡುವವರಿದ್ದರು. ಗಣಿತದಲ್ಲಿ ಅವಳೇ ಮೊದಲು ಎಂದು ಗೆಳತಿಯರು ಬಾಗಿಲಿಗೆ ಬಂದು ಹೇಳಿಹೋದರು. ಅವಳು ಹೊರಗೆ ಹೋಗಲಿಲ್ಲ. ಅತ್ತೆ ಎಳ್ಳುಬೆಲ್ಲ ತಿನ್ನಿಸಿದರು. ಪಪ್ಪಾಯಿ ತಿನ್ನಿಸಿದರು. ಉಷ್ಣವಾಗಲೆಂದು ಏನೇನೋ ಕಷಾಯ ಕುಡಿಸಿದರು. ಬಂದದ್ದು ಹೊಟ್ಟೆನೋವು ಮಾತ್ರ.

ಮನೆಯಲ್ಲಿ ಕೂತ ಎಂಟನೆಯ ದಿನ ಅನುರಾಧಾ, "ಅಜ್ಜೀ, ನಾ ಹೊರಗಾಗೇನಿ" ಎಂದಳು. ಅತ್ತೆಗೆ ಹಿಡಿಸಲಾರದ ಸಂತೋಷ. ಕುಂಕುಮದ ಬಟ್ಟಲು ತಂದೇಬಿಟ್ಟರು. ನಾನೂ ಉಸಿರು ಬಿಟ್ಟೆ. ಆದರೆ ಅತ್ತೆಯ ಕಣ್ಣು ಹಿತ್ತಲ ಬಾಗಿಲ ಸಂದಿಯಲ್ಲಿ ಹುಡುಗಿ ಇಟ್ಟಿದ್ದ ಬಟ್ಟೆಯ ಮೇಲೆ ಬಿತ್ತು. ಎತ್ತಿದರು. ಬೆಳಕಿಗೆ ಹಿಡಿದರು. ಆಮೇಲೆ, ಐವತ್ತು ವರ್ಷದಿಂದ ಬಣ್ಣದ ನೂಲು ಕೊಳ್ಳುವಾಗ ಮಾಡುವ ಹಾಗೆ, ಹೆಬ್ಬೆರಳಿಗೆ ಉಗುಳು ಹಚ್ಚಿ ಬಟ್ಟೆಯನ್ನು ಗಸಗಸ ತಿಕ್ಕಿದರು.

ಒಣಗಿದ ರಕ್ತ ಕಂದಾಗಿರುತ್ತದೆ. ಇದು ಸೀರೆಯ ಅಂಚಿನ ಹಾಗೆ ಹೊಳೆಯುತ್ತಿತ್ತು. ಉಗುಳಿಗೂ ಬಿಡಲಿಲ್ಲ.

"ಬಣ್ಣ ಭಾಳ ಗಟ್ಟಿ ಐತಿ. ಇದು ಯಂಕವ್ವನ ಮನೀದು" ಎಂದರು ಅತ್ತೆ.

ಹೌದು. ಯಂಕವ್ವನ ಹಿತ್ತಲಿನ ಬಣ್ಣದ ಹಂಡೆಯಲ್ಲಿ ನನ್ನ ಮಗಳು ಬಟ್ಟೆ ಅದ್ದಿ ತಂದಿದ್ದಳು. ಕೈಗೆ ಹತ್ತಿದ ಬಣ್ಣ ಹೋಗಲೆಂದು ಕಲ್ಲಿಗೆ ತಿಕ್ಕಿ ತಿಕ್ಕಿ ಬೆರಳ ತುದಿಗಳು ತರಚಿದ್ದವು.

"ಯಾಕ ಹಿಂಗ ಮಾಡಿದಿ?" ಎಂದು ಕೇಳಿದೆ.

"ಬೊಟ್ಟು ಇಟ್ರ ಸಾಲಿಗೆ ಕಳಸ್ತೀರಿ ಅಂತ, ಬೇ" ಎಂದಳು.

ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. "ಮುಚ್ಚೂದಕ್ಕ ಇಷ್ಟ ಮಾಡ್ಯಾಳಂದ್ರ, ಒಳಗ ಏನೋ ಐತಿ. ಯಂಕವ್ವ ಅಂದಿದ್ದ ಖರೆ ಆತು" ಎಂದರು. ನಮ್ಮ ಮನೆಯವರು ಮಗ್ಗ ಬಂದ್ ಮಾಡಿ ಎದ್ದುನಿಂತರು. ಮದುವೆಗೆಂದು ಸಾಂಗ್ಲಿಯಲ್ಲಿರುವ ತಂಗಿಯ ಮಗನ ಹೆಸರು ಎತ್ತಿದರು. ಹದಿಮೂರು ವರ್ಷದ ಹುಡುಗಿಗೆ!

ಅಲ್ಲಿಗೆ ನನ್ನ ತಾಳ್ಮೆ ಹರಿಯಿತು. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಅವಳ ಕೈ ಹಿಡಿದು ತೇರದಾಳದ ಬಸ್ ಹತ್ತಿದೆ.

ಶಿವವ್ವ ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಸೂಜಿ ಹಾಕುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಗೀರು, ಬೊಟ್ಟು, ಬೀಮು, ಬಣ್ಣದ ಹಂಡೆ. ಕೇಳಿ ಮುಗಿಸಿ ಸೂಜಿಯ ಡಬ್ಬಿ ಮುಚ್ಚಿಟ್ಟಳು.

"ನೀ ಹೊರಗ ನಿಂದ್ರು" ಎಂದಳು.

"ನಾನು ತಾಯಿ ಅದೇನಿ."

"ಅದಕ್ಕ ಹೇಳಾಕತ್ತೇನಿ, ಹೊರಗ ನಿಂದ್ರು."

ಅರ್ಧ ಗಂಟೆ ಬೇವಿನ ಗಿಡದ ಕೆಳಗೆ ನಿಂತೆ. ಒಳಗೆ ಕರೆದಾಗ ಅನುರಾಧಾಳ ಕಣ್ಣು ಕೆಂಪಾಗಿತ್ತು, ಆದರೆ ಮುಖ ಹಗುರಾಗಿತ್ತು. ಶಿವವ್ವನ ಮುಖ ಮಾತ್ರ ಬಿಗಿದಿತ್ತು.

"ಲೇ ವಿಜಿ, ನೀವೆಲ್ಲಾ ಹೆದರಿದ್ದು ಹೆದರಬಾರದ್ದಕ್ಕ. ಹೆದರಬೇಕಾದ್ದು ಯಾರ ಕಣ್ಣಿಗೂ ಬಿದ್ದಿಲ್ಲ. ದೀಪಾವಳಿ ಮುಂದ ಆದಾಗ ಈ ಹುಡಗಿಗೆ ಹನ್ನೊಂದು ದಿನ ಹೋಗೇತಿ. ಗೊತ್ತೈತೇನ ನಿನಗ?"

"ಐದನೇ ದಿನ ತಲಿ ಮ್ಯಾಲೆ ನೀರ ಹಾಕ್ಕೊಂಡು ಒಳಗ ಬಂದ್ಲಲ್ಲ?"

"ನೀರ ಹಾಕಿದ್ರ ನಿಲ್ಲತೈತೇನ? ನಿಂತಿಲ್ಲ. ಐದು ದಿನಕ್ಕ ನಿಲ್ಲಬೇಕು ಅಂತ ಅಜ್ಜಿ ಹೇಳ್ಯಾಳ, ನಿಂತಿಲ್ಲ ಅಂದ್ರ ಬೈತಾಳ ಅಂತ ಹುಡಗಿ ಸುಮ್ಮ ಆಗ್ಯಾಳ. ಬಟ್ಟಿ ಮ್ಯಾಲೆ ಬಟ್ಟಿ ಹಾಕ್ಕೊಂಡು ಸಾಲಿಗೆ ಹೋಗ್ಯಾಳ. ಎರಡ ಸಲ ಕಣ್ಣ ಕತ್ತಲಿ ಬಂದೈತಿ."

ಶಿವವ್ವ ಅನುರಾಧಾಳ ಕೆಳರೆಪ್ಪೆ ಎಳೆದು ತೋರಿಸಿದಳು. ಒಳಗೆ ಕೆಂಪೇ ಇಲ್ಲ, ಬಿಳಿಚಿಕೊಂಡಿತ್ತು. ಆ ಹನ್ನೊಂದು ದಿನ ನಾವು ಹಬ್ಬದ ಸೀರೆಗಳಿಗಾಗಿ ಹಗಲು ರಾತ್ರಿ ಮಗ್ಗ ಓಡಿಸಿದ್ದೆವು. ಅನುರಾಧಾ ನನ್ನ ಪಕ್ಕದಲ್ಲೇ ಮಲಗಿದ್ದಳು.

"ಮತ್ತ ಈ ಎರಡೂವರಿ ತಿಂಗಳ ನಿಂತಿದ್ದು?" ಎಂದು ಕೇಳಿದೆ.

"ಮೊದಲ ಎರಡು ಮೂರು ವರ್ಷ ಹಂಗ ಇರತೈತಿ. ಒಮ್ಮೆ ಇಪ್ಪತ್ತೊಂದು ದಿನಕ್ಕ ಬರತೈತಿ, ಒಮ್ಮೆ ನಲವತ್ತೈದಕ್ಕ. ಒಂದೊಂದ ಸಲ ಒಂದು ತಿಂಗಳು ಹಾರಿನೂ ಹೊಕ್ಕೈತಿ. ಒಮ್ಮೆ ಹೆಚ್ಚು, ಒಮ್ಮೆ ಕಡಿಮಿ. ಮೈ ಇನ್ನ ಕಲಿಯಾಕತ್ತಿರತೈತಿ. ಪೂರಾ ಮೂರು ತಿಂಗಳ ದಾಟಿದ್ರ ಡಾಕ್ಟರಿಗೆ ತೋರಸಬೇಕು. ಈಕಿಗೆ ಇನ್ನ ದಾಟಿಲ್ಲ. ಆದ್ರೂ ರಗತ ಹೋಗಿದ್ದಕ್ಕ ಇವತ್ತ ಜಮಖಂಡಿಗೆ ಕರಕೊಂಡು ಹೋಗು." ನನ್ನ ಮುಖ ನೋಡಿ ಕೇಳಿದಳು: "ಬಾವಿ ಕಡೆ ಏನ ಮಾತಾಡಿದ್ದಿವಿ, ನೆನಪೈತೇನ?"

ನೆನಪಿತ್ತು. ಮಗಳ ಕೈ ಹಿಡಿದು ಬಸ್ಸಿನ ದಾರಿ ಹಿಡಿದೆ.

ಜಮಖಂಡಿಯಲ್ಲಿ ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಎಂಟೂವರೆ ಇತ್ತು. ಬೇರೆ ಯಾವ ತೊಂದರೆಯೂ ಇರಲಿಲ್ಲ. ಮುಟ್ಟು ಬರಿಸಲು ಔಷಧ ಬೇಡ, ಮನೆಯ ಕಷಾಯವಂತೂ ಬೇಡವೇ ಬೇಡ ಎಂದರು. ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು. ಚಹಾದ ಜೊತೆ ನುಂಗಬಾರದು, ಊಟದಲ್ಲಿ ಲಿಂಬೆಹಣ್ಣು ಇರಲಿ, ಮತ್ತೆ ಏಳು ದಿನ ದಾಟಿ ಹೋದರೆ ಅಂದೇ ಬನ್ನಿ ಎಂದರು.

ಭಾನುವಾರ ಶಿವವ್ವ ತಾನಾಗಿಯೇ ಬನಹಟ್ಟಿಗೆ ಬಂದಳು. ನಾನು ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಈ ಮನೆಯಲ್ಲಿ ದುಡಿದರೂ ನನ್ನ ಮಾತಿಗೆ ಇಲ್ಲದ ತೂಕ ಹೊರಗಿನಿಂದ ಬಂದ ಬಿಳಿ ಸೀರೆಗೆ ಇರುತ್ತದೆ. ಇರಲಿ. ಎರಡೂ ಮಗ್ಗ ಓಡುತ್ತಿದ್ದವು. ಆ ಗದ್ದಲದಲ್ಲೇ ಅತ್ತೆ ಗೋಡೆ ತೋರಿಸಿದರು.

"ಬಾಯೀ, ನೀವು ಓದಿದವರು ಅದೀರಿ. ಆದ್ರ ಇದನ್ನ ನೋಡ್ರಿ. ಬೀಮು ಏಳು, ಬೊಟ್ಟು ನಾಕು. ನನಗ ನಲವತ್ತು ವರ್ಷ ಒಂದೂ ತಪ್ಪಿಲ್ಲ."

"ಮೊದಲನೇ ವರ್ಷನೂ ತಪ್ಪಿಲ್ಲೇನ್ರಿ?" ಎಂದಳು ಶಿವವ್ವ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮೊದಲನೇ ವರ್ಷದ್ದು ಯಾರಿಗೆ ನೆನಪಿರತೈತಿ? ಆಗ ನಾ ತವರಮನ್ಯಾಗ ಇದ್ನಿ. ಅಲ್ಲಿ ಲೆಕ್ಕ ಇಡವರು ಯಾರೂ ಇರಲಿಲ್ಲ."

ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡೂ ಮಗ್ಗ ಗಕ್ಕನೆ ನಿಂತವು. ಮನೆಯೊಳಗೆ ಒಮ್ಮೆಲೇ ಎಷ್ಟು ಮೌನವಾಯಿತೆಂದರೆ ಹಿತ್ತಲಿನಲ್ಲಿ ಯಂಕವ್ವ ಗೋಡೆಗೆ ಕಿವಿ ಕೊಟ್ಟು ಕೆಮ್ಮಿದ್ದೂ ಕೇಳಿತು.

ಶಿವವ್ವ ನಿಂತ ಮಗ್ಗದ ಕಡೆ ನೋಡಿದಳು. "ಕರೆಂಟ್ ಯಾವಾಗ ಬರತೈತ್ರಿ ಅಣ್ಣಾರ?"

"ಯಾರಿಗ್ಗೊತ್ತು. ನಾಕು ತಾಸು, ಆರು ತಾಸು" ಎಂದರು ನಮ್ಮ ಮನೆಯವರು ಬೇಸರದಿಂದ.

"ಹಂಗಾರ ಈ ಬೀಮು ನಾಕು ವಾರಕ್ಕ ಮುಗಿಯಂಗಿಲ್ಲ?"

"ಎಲ್ಲೀದು! ಮಳಿಗಾಲದಾಗ ಒಂದು ಆರು ವಾರ ಹಿಡಿದೈತಿ. ದೀಪಾವಳಿ ಮುಂದಿಂದು ಮೂರ ವಾರಕ್ಕ ಇಳಿದೈತಿ."

"ಅನಸವ್ವಾರ, ಕರೆಂಟ್ ಹೋದ್ರ ಬೀಮು ನಿಲ್ಲತೈತಿ. ನಿಮ್ಮ ಮೊಮ್ಮಗಳ ಮೈನೂ ನಿಲ್ಲತೈತೇನ್ರಿ? ಬೀಮು ಲಗೂ ಇಳಿದ್ರ ಆಕಿನೂ ಲಗೂ ಆಗಬೇಕೇನ್ರಿ?"

ಅತ್ತೆ ಗೋಡೆ ನೋಡಿದರು. ಮಗ್ಗ ನೋಡಿದರು. ಆಮೇಲೆ ಯಾರಿಗೂ ಅಲ್ಲದ ಹಾಗೆ ಗೊಣಗಿದರು: "ಈ ಎರಡನೇ ಮಗ್ಗ ತಂದಾಗನೂ ವರ್ಷತನಕ ಎಳಿ ಹರದ ಹರದು ಜೀವಾ ತಿಂದಿತ್ತು."

"ಆತಲ್ರಿ! ಆ ಮಗ್ಗಕ್ಕ ಕೊಟ್ಟಷ್ಟು ಪುರಸತ್ತು ಹುಡಗಿಗೆ ಕೊಡ್ರಿ" ಎಂದಳು ಶಿವವ್ವ. ಬಳಿಕ ನಮ್ಮ ಮನೆಯವರ ಕಡೆ ತಿರುಗಿದಳು. "ಅಣ್ಣಾರ, ಹದಿನೆಂಟು ಆಗೂತನಕ ಮದವಿ ಮಾತ ಎತ್ತಬ್ಯಾಡ್ರಿ, ಅದು ಕಾಯ್ದೆ. ಹೆಂಗಸರ ಸುದ್ದಿ ಬ್ಯಾಡ ಅಂತೀರಂತ. ಮಗಳ ರಗತ ಎಂಟೂವರಿ ಆಗೇತಿ. ಇದು ಯಾರ ಸುದ್ದಿ?"

ಅವರು ತಲೆ ಎತ್ತಲಿಲ್ಲ. ನೂಲಿನ ತುಂಡೊಂದನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತರು. "ನನಗ ಯಾರೂ ಹೇಳಲಿಲ್ಲ" ಎಂದರು ಕೊನೆಗೆ.

"ಹೇಳಾಕ ಬಂದಾಗ ಕಿವಿ ಮುಚ್ಚಿದ್ರಿ" ಎಂದೆ ನಾನು. ಮದುವೆಯಾದಾಗಿನಿಂದ ಅಷ್ಟು ಜನರ ಮುಂದೆ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಸೋಮವಾರ ಅನುರಾಧಾ ಶಾಲೆಗೆ ಹೋದಳು. ಅವಳು ಹೋದ ಮೇಲೆ ನಮ್ಮ ಮನೆಯವರು ಸುತ್ತಿಗೆ ತಂದು ಅವಳು ಮಲಗುವ ಕಡೆ, ಅವಳ ಕೈಗೆ ಎಟುಕುವಷ್ಟು ಎತ್ತರಕ್ಕೆ, ಒಂದು ಮೊಳೆ ಹೊಡೆದರು. ಹೊಸ ವರ್ಷದ ಕ್ಯಾಲೆಂಡರನ್ನು ಮಗ್ಗದ ಮೇಲಿನಿಂದ ತೆಗೆದು ಅಲ್ಲಿ ತೂಗುಹಾಕಿದರು. ಅತ್ತೆ ಒದ್ದೆ ಅರಿವೆಯಿಂದ ಬೊಟ್ಟುಗಳನ್ನು ಒರೆಸಿದರು. ಗೀರುಗಳನ್ನು ಬಿಟ್ಟರು. "ಇವು ಬೀಮಿನವು, ಇರ್ಲಿ" ಎಂದರು.

ಸಂಕ್ರಾಂತಿ ಮುಗಿದ ಮೂರನೆಯ ದಿನ, ಎಂಬತ್ತೆಂಟನೆಯ ದಿನಕ್ಕೆ, ಶಾಲೆಯಲ್ಲೇ ಮುಟ್ಟು ಬಂತು. ಚೀಲದಲ್ಲಿ ಬಟ್ಟೆ ಇಟ್ಟುಕೊಂಡಿದ್ದಳು. ಹೆದರಲಿಲ್ಲ, ಅಳಲಿಲ್ಲ, ಸಂಜೆ ಬಂದು ಕ್ಯಾಲೆಂಡರಿನಲ್ಲಿ ತಾನೇ ಗುರುತು ಹಾಕಿದಳು. ಆರು ದಿನಕ್ಕೆ ನಿಂತಿತು. ಯಂಕವ್ವ ಬಾಗಿಲಿಗೆ ಬಂದು, "ಆತೇನವಾ?" ಎಂದಳು. ಅತ್ತೆ ಒಳಗಿನಿಂದಲೇ, "ನಿನ್ನ ಹಂಡೆಗೆ ಮುಚ್ಚಳ ಹಾಕೂದು ಕಲಿ ಮೊದಲ" ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಸಂಘದಲ್ಲಿ ಇದನ್ನು ಓದುತ್ತಿರುವ, ಕೇಳುತ್ತಿರುವ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಮನೆಯ ಹುಡುಗಿಗೆ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆ ಮುಂದೆ ಆದರೆ ಗಾಬರಿಯಾಗಬೇಡಿ. ಓಣಿಯನ್ನು ಕೇಳಬೇಡಿ, ಶಾಲೆ ಬಿಡಿಸಬೇಡಿ, ಕಷಾಯ ಕುಡಿಸಬೇಡಿ. ಆದರೆ ಏಳು ದಿನ ಕಳೆದರೂ ನಿಲ್ಲದಿದ್ದರೆ, ತಾಸು ಎರಡು ತಾಸಿಗೆ ಬಟ್ಟೆ ತೊಯ್ದು ಹೋದರೆ, ಕಣ್ಣು ಕತ್ತಲೆ ಬಂದರೆ, ಎದ್ದು ಓಡಾಡಲಾಗದಷ್ಟು ನೋವಿದ್ದರೆ, ಅಂದೇ ದವಾಖಾನೆಗೆ ಕರೆದುಕೊಂಡು ಹೋಗಿ. ಮೂರು ತಿಂಗಳು ದಾಟಿದರೂ ತೋರಿಸಿ, ಹದಿನೈದು ತುಂಬಿಯೂ ಮುಟ್ಟಾಗದಿದ್ದರೆ ತೋರಿಸಿ. ದಿನಗಳ ಗುರುತನ್ನು ಹುಡುಗಿಯೇ ಇಟ್ಟುಕೊಳ್ಳಲಿ. ಅವಳು ಹೇಳಲು ಬಂದಾಗ ಕೈಯಲ್ಲಿರುವ ಕೆಲಸ ಕೆಳಗಿಡಿ.

ಅದಕ್ಕಿಂತ ಮೊದಲು, ಅವಳಿಗೆ ಹತ್ತೋ ಹನ್ನೊಂದೋ ಆದಾಗ, ಹತ್ತಿರ ಕೂಡಿಸಿಕೊಂಡು ಎಲ್ಲವನ್ನೂ ಹೇಳಿ. ಹತ್ತು ನಿಮಿಷ ಸಾಕು. ಇವತ್ತೇ ಹೇಳಿ.

ನಾನು ಶಿವವ್ವನಿಗೆ ಮಾತು ಕೊಟ್ಟಿದ್ದೆ. ನಡೆಸಲಿಲ್ಲ.